ಗದ್ದೆಯ ಕಾಣದ ಒಕ್ಕಲು

ಗಂಗಾವತಿಯ ಸೋನಾ ಮಸೂರಿ ಅಕ್ಕಿಯ ಅನ್ನವನ್ನುಣ್ಣುವ ಪಟ್ಟಣದ ಗೃಹಸ್ಥನು ಬೆಳೆದ ರೈತನನ್ನು ನೆನೆದರೂ ನೆನೆದಾನು. ಆ ರೈತನ ಗದ್ದೆಯಲ್ಲಿ ಕೂಲಿಯಿಲ್ಲದೆ ದುಡಿಯುವ ಸೂಕ್ಷ್ಮಜೀವಿಗಳನ್ನು ನೆನೆಯುವವರು ವಿರಳ.

ಸಿದ್ದಾಪುರದ ಸುತ್ತಣ ನೆಲ ಹಿಂದೆ ಮಳೆಯನ್ನೇ ನಂಬಿದ್ದ ಜೋಳದ ಬಯಲು. 1945ರಲ್ಲಿ ಮೊದಲಾದ ತುಂಗಭದ್ರಾ ಅಣೆಕಟ್ಟಿನ ಕೆಲಸವು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಇತ್ತ ಹರಿದ ಮೇಲೆ ಬಯಲು ಗದ್ದೆಯಾಯಿತು. ಬದಲಾದುದು ಬೆಳೆಯೊಂದೇ ಅಲ್ಲ. ಮಣ್ಣಿನೊಳಗಣ ಒಕ್ಕಲೂ ಬದಲಾಯಿತು.

ಮಡಿಯಲ್ಲಿ ನೀರು ನಿಂತಿತೆಂದರೆ ಮಣ್ಣಿನೊಳಗಿನ ಆಮ್ಲಜನಕವನ್ನು ಬ್ಯಾಕ್ಟೀರಿಯಗಳು ಬಹುಬೇಗ ಮುಗಿಸಿಬಿಡುತ್ತವೆ. ಮೇಲಿನ ತೆಳುಪದರದಲ್ಲಷ್ಟೇ ಅದು ಉಳಿಯುತ್ತದೆ. ಕೆಳಗಿನ ಕೆಸರು ಗಾಳಿಯನ್ನೊಲ್ಲದ ಜೀವಿಗಳ ರಾಜ್ಯ. ಕೊಳೆತ ಬೇರು, ಹುಲ್ಲುಗಳಿಂದ ಅವು ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ಕಳೆ ಕೀಳುವವರು ಕಾಲೂರಿದಾಗ ಬುಳುಬುಳನೆ ಏಳುವ ಗುಳ್ಳೆಗಳಲ್ಲಿ ಇರುವುದು ಅದೇ. ಭೂಮಿಯ ಬಿಸಿಯನ್ನು ಹೆಚ್ಚಿಸುವ ಅನಿಲಗಳಲ್ಲಿ ಅದೂ ಒಂದು.

ಮೇಲಿನ ನೀರಿನಲ್ಲಿ ವಾಸಿಸುವವರು ಬೇರೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಭತ್ತದ ಪೈರು ಅದನ್ನು ನೇರವಾಗಿ ಉಣ್ಣಲಾರದು. ನೀಲಿ-ಹಸಿರು ಪಾಚಿಯೆಂಬ ಸೂಕ್ಷ್ಮಜೀವಿಗಳು ಅದನ್ನು ಹಿಡಿದು ಪೈರಿಗೆ ಒಗ್ಗುವಂತೆ ಮಾಡುತ್ತವೆ. ಗದ್ದೆಯ ಫಲವತ್ತತೆಗೆ ಇವೇ ಕಾರಣವೆಂದು ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿ 1939ರಲ್ಲಿಯೇ ತೋರಿಸಿದರು. ಅಜೋಲ ಎಂಬ ತೇಲುವ ಪುಟ್ಟ ಸಸ್ಯವಂತೂ ಇಂಥದೊಂದು ಪಾಚಿಯನ್ನು ತನ್ನ ಎಲೆಯೊಳಗೇ ಮನೆಕೊಟ್ಟು ಸಾಕಿಕೊಂಡಿದೆ.

ಈ ದುಡಿಮೆಗಾರರಿಗೊಂದು ಸ್ವಭಾವವುಂಟು: ನೀರಿನಲ್ಲಿ ಸಿದ್ಧ ಸಾರಜನಕ ತುಂಬಿತೋ, ತಮ್ಮ ಕೆಲಸವನ್ನು ನಿಲ್ಲಿಸಿಬಿಡುತ್ತವೆ. ಯೂರಿಯ ಚೆಲ್ಲಿದಷ್ಟೂ ಬಿಟ್ಟಿ ಗೊಬ್ಬರ ಕಡಮೆ. ಚೆಲ್ಲಿದುದೆಲ್ಲ ಪೈರಿಗೆ ಸೇರುವುದೂ ಇಲ್ಲ. ಒಂದಿಷ್ಟು ಅಮೋನಿಯವಾಗಿ ಹಾರಿಹೋಗುತ್ತದೆ. ಇನ್ನೊಂದಿಷ್ಟನ್ನು ಮೇಲ್ಪದರದ ಜೀವಿಗಳು ನೈಟ್ರೇಟಾಗಿಸಿದರೆ, ಅದು ಕೆಳಗಿಳಿದಾಗ ಕೆಸರಿನ ಜೀವಿಗಳು ಒಡೆದು ಮರಳಿ ಗಾಳಿಗೆ ಬಿಡುತ್ತವೆ. ರೈತನ ಹಣವೂ ಅದರೊಡನೆ ಆವಿಯಾಗುತ್ತದೆ.

ಆದುದರಿಂದ ಗೊಬ್ಬರವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡುವುದು, ಸಾಧ್ಯವಾದಲ್ಲಿ ಕೆಸರಿನಾಳಕ್ಕೆ ಇಳಿಸುವುದು ಲೇಸು. ನಡುನಡುವೆ ನೀರು ಬಸಿದು ಗದ್ದೆಗೆ ಗಾಳಿಯಾಡಿಸಿದರೆ ಮೀಥೇನ್ ತಗ್ಗುತ್ತದೆ, ನೀರೂ ಉಳಿಯುತ್ತದೆ. ಕಾಲುವೆಯ ಕೊನೆಯಲ್ಲಿ ನೀರಿಗಾಗಿ ಕಾದು ಕುಳಿತವನಿಗೆ ಆ ಉಳಿದ ನೀರು ಸಣ್ಣ ಲಾಭವಲ್ಲ.