ಬೇಸರದ ದಿನಕ್ಕೊಂದು ಗಿಳಿಹಸಿರು

ಬೇಸರದ ಬೆಳಿಗ್ಗೆ ಬೀರುವಿನ ಬಾಗಿಲು ತೆಗೆದು ನಿಂತಾಗ ಕೈ ಎಲ್ಲಿಗೆ ಹೋಗುತ್ತದೆ ಎಂದು ಗಮನಿಸಿ ನೋಡಿ. ತೊಳೆದು ತೊಳೆದು ಬಣ್ಣಗೆಟ್ಟ ಚೂಡಿದಾರ, ಬೂದಿ ಬಣ್ಣದ ಟೀ ಶರ್ಟು, ಯಾವ ಕಾಲದ್ದೋ ಒಂದು ನೈಟಿ. ಮನಸ್ಸು ಮಂಕಾದ ದಿನ ಮೈಯೂ ಮಂಕನ್ನೇ ಬೇಡುತ್ತದೆ. ಯಾರ ಕಣ್ಣಿಗೂ ಬೀಳದೆ ಇವತ್ತೊಂದು ದಿನ ಕಳೆದರೆ ಸಾಕು ಎನಿಸುತ್ತದೆ. ಆದರೆ ಅಂಥ ಬಟ್ಟೆ ತೊಟ್ಟು ದಿನ ಕಳೆದರೆ ಸಂಜೆಯ ಹೊತ್ತಿಗೆ ಬೇಸರ ಇಳಿದಿರುವುದಿಲ್ಲ, ಕನ್ನಡಿಯ ಮುಂದೆ ಹಾದುಹೋದಾಗಲೆಲ್ಲ ಒಂದಿಷ್ಟು ಏರಿರುತ್ತದೆ.

ನಿಜವಾದ ಬಣ್ಣ ಬೇಕಾಗುವುದು ಆ ದಿನಕ್ಕೇ. ಹಬ್ಬಕ್ಕೆ, ಮದುವೆಗೆ, ಗೃಹಪ್ರವೇಶಕ್ಕೆ ನಾವು ಹೇಗಿದ್ದರೂ ಬಣ್ಣ ಉಡುತ್ತೇವೆ. ಅಲ್ಲಿ ಮನಸ್ಸು ಮೊದಲೇ ಅರಳಿರುತ್ತದೆ, ಸೀರೆ ಅದರ ಜೊತೆಗೆ ಹೋಗುತ್ತದೆ ಅಷ್ಟೆ. ಏನೂ ವಿಶೇಷವಿಲ್ಲದ ಮಂಗಳವಾರದಂದು, ಕರೆಂಟ್ ಬಿಲ್ಲು ಕಟ್ಟಬೇಕಾದ, ಆಸ್ಪತ್ರೆಯ ರಿಪೋರ್ಟು ತರಬೇಕಾದ, ಮಾತಾಡಲು ಮನಸ್ಸಿಲ್ಲದವರ ಎದುರು ಕೂರಬೇಕಾದ ದಿನ, ಒಂದು ಗಿಳಿಹಸಿರು ಅಥವಾ ದಾಳಿಂಬೆ ಕೆಂಪು ಮಾಡುವ ಉಪಕಾರ ದೊಡ್ಡದು.

ಬಯಲುಸೀಮೆಯ ಹೆಂಗಸರಿಗೆ ಇದು ಹೊಸದಾಗಿ ಹೇಳಿಕೊಡಬೇಕಾದ ವಿಷಯವಲ್ಲ. ಏಪ್ರಿಲ್ ತಿಂಗಳಲ್ಲಿ ಬಾಗಲಕೋಟೆಯಿಂದ ಇಳಕಲ್ಲಿನ ಕಡೆ ಬಸ್ಸಿನಲ್ಲಿ ಹೋದರೆ ಕಿಟಕಿಯಾಚೆ ಕಾಣುವುದು ಬಿರುಕು ಬಿಟ್ಟ ಎರೆ ಹೊಲ, ಬರಿ ಕೊಂಬೆಯ ಗಿಡ, ಧೂಳು. ಆ ಕಂದು ಬಯಲಿನ ನಡುವೆ ತಲೆಯ ಮೇಲೆ ಬುತ್ತಿಗಂಟು ಹೊತ್ತು ಬದುವಿನ ಮೇಲೆ ನಡೆದು ಬರುವ ಹೆಂಗಸಿನ ಸೆರಗು ಮಾತ್ರ ಕೆಂಪಗೆ ಉರಿಯುತ್ತಿರುತ್ತದೆ. ಇಳಕಲ್ಲ ಸೀರೆಯ ಮೈ ಯಾವ ಬಣ್ಣದ್ದಾದರೂ ಇರಲಿ, ಸೆರಗು ಸಾಮಾನ್ಯವಾಗಿ ಕೆಂಪೇ. ಮೂರು ಪಟ್ಟೆ ಕೆಂಪು, ನಡುವೆ ಎರಡು ಪಟ್ಟೆ ಬಿಳಿ, ಅದರಲ್ಲಿ ಜೋಳದ ತೆನೆ, ಬಾಚಣಿಗೆಯ ಹಲ್ಲು, ಕೋಟೆಯ ತೆನೆಗಳ ಆಕಾರ. ಈ ಕೆಂಪನ್ನು ಮೈಗೆ ಸೇರಿಸುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೈಯ ಹಾಸು ನೂಲು ಬೇರೆ, ಸೆರಗಿನ ಹಾಸು ನೂಲು ಬೇರೆ. ನೇಯಲು ಕೂರುವ ಮೊದಲು ಮೈಯ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಸಿಕ್ಕಿಸುತ್ತಾರೆ. ಸಾವಿರಾರು ಕೊಂಡಿ, ಎಲ್ಲವೂ ಬೆರಳಿನಿಂದ. ಬರೀ ಸೆರಗಿನ ಬಣ್ಣ ಗಾಢವಾಗಿ ಬರಲಿ ಎಂದು ಇಷ್ಟು ಪಾಡು ಪಡುವ ಊರು, ಬಣ್ಣವನ್ನು ಬದುಕಿಗೆ ಅಗತ್ಯವೆಂದೇ ತಿಳಿದ ಊರು.

ಸಂಡೂರಿನ ಸುತ್ತಿನ ಲಂಬಾಣಿ ತಾಂಡಾಗಳಿಗೆ ಹೋದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸಗಳ ಮೇಲೆ ಕೆಂಪು, ಹಳದಿ, ನೀಲಿ ತುಂಡು ಬಟ್ಟೆ ಸೇರಿಸಿ, ಕನ್ನಡಿ ಕೂರಿಸಿ, ಕವಡೆ ಹೊಲಿದು ಅಲ್ಲಿನ ಅಜ್ಜಿಯರು ಮಾಡಿಕೊಂಡ ಉಡುಪು ಕೂಲಿಗೆ ಹೋಗುವಾಗಲೂ ಮೈಮೇಲೆ ಇರುತ್ತಿತ್ತು. ಮಣ್ಣು ಹೊರುವ ಕೆಲಸಕ್ಕೆ ಮಣ್ಣಿನ ಬಣ್ಣದ ಬಟ್ಟೆ ಸಾಕು ಎಂದು ಅವರು ಒಪ್ಪಿಕೊಳ್ಳಲಿಲ್ಲ. ಬಿಸಿಲಲ್ಲಿ ಬಗ್ಗಿ ಎದ್ದಾಗಲೆಲ್ಲ ಮಿಂಚುವ ಆ ಕನ್ನಡಿ ಚೂರುಗಳಲ್ಲಿ ಬದುಕಿನ ಮೇಲಿನ ಹಕ್ಕೊಂದು ಕಾಣುತ್ತದೆ ನನಗೆ.

ನಮ್ಮ ಮುತ್ತಜ್ಜಿಯರ ಅಜ್ಜಿಯರಿಗೆ ಇಷ್ಟು ಬಣ್ಣ ಕೈಗೆಟುಕುತ್ತಿರಲಿಲ್ಲ ಎನ್ನುವುದನ್ನೂ ನೆನೆಯಬೇಕು. ಮಂಜಿಷ್ಠದ ಬೇರು, ಅರಗು, ನೀಲಿ ಗಿಡ ಇವುಗಳಿಂದ ಬಣ್ಣ ತೆಗೆಯುವುದು ದಿನಗಟ್ಟಲೆಯ ಶ್ರಮ, ಕೊಳ್ಳುವವರಿಗೆ ಭಾರಿ ಬೆಲೆ. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾಕ್ಕೆ ಕ್ವಿನೈನ್ ತಯಾರಿಸಲು ಹೊರಟು, ಕಲ್ಲಿದ್ದಲ ಟಾರಿನಿಂದ ನೇರಳೆ ಬಣ್ಣ ಪಡೆದ. ಅಲ್ಲಿಂದ ಶುರುವಾದ ಕೃತಕ ಬಣ್ಣಗಳ ಸಾಲು ನೀಲಿ ಬೆಳೆಯನ್ನು ಮುಳುಗಿಸಿತು, ಕಾರ್ಖಾನೆಗಳ ಹೊಲಸು ಹೊಳೆಗಳನ್ನೂ ಕೆಡಿಸಿತು. ಜೊತೆಗೆ, ಅರಮನೆಯವರ ಸೊತ್ತಾಗಿದ್ದ ನೇರಳೆಯನ್ನು ಸಂತೆಯಲ್ಲಿ ತರಕಾರಿ ಮಾರುವವಳ ಹೆಗಲಿಗೂ ತಂದಿತು. ಇವತ್ತು ಕನಕಾಂಬರ, ಮಾವಿನ ಚಿಗುರು, ನವಿಲುನೀಲಿ, ಈರುಳ್ಳಿ ಬಣ್ಣ, ರಾಣಿ ಪಿಂಕ್ ಯಾವುದೇ ಕೇಳಿ, ಸಾದಾ ನೂಲಿನ ಸೀರೆಯಲ್ಲೂ ಸಿಗುತ್ತದೆ. ಇಷ್ಟೆಲ್ಲ ಸಿಗುವಾಗ ಬೂದಿಯನ್ನೇ ಹೊದ್ದು ಕೂರುವುದು ಬೇಡ.

ಬಣ್ಣಕ್ಕೂ ಮನಸ್ಸಿಗೂ ನಂಟಿದೆಯೇ ಎಂದು ವಿಜ್ಞಾನಿಗಳೂ ಕೇಳಿದ್ದಾರೆ. 2019ರಲ್ಲಿ ಪ್ರಕಟವಾದ, ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನವೊಂದು 55 ದೇಶಗಳ ಜನರನ್ನು ಹಳದಿಯ ಬಗ್ಗೆ ಕೇಳಿತ್ತು. ಮಳೆ ಹೆಚ್ಚಿರುವ, ಸಮಭಾಜಕ ವೃತ್ತದಿಂದ ದೂರ ಇರುವ ನಾಡಿನವರು ಹಳದಿಯನ್ನು ಸಂತೋಷದೊಂದಿಗೆ ಹೆಚ್ಚಾಗಿ ಸೇರಿಸಿ ನೋಡುತ್ತಾರೆ ಎಂಬುದು ಅದರಿಂದ ಕಂಡುಬಂತು. ಬಿಸಿಲಿಗೆ ಬರವಿರುವಲ್ಲಿ ಬಿಸಿಲಿನ ಬಣ್ಣಕ್ಕೆ ಬೆಲೆ. ಇದನ್ನು ಓದಿದಾಗ ನನಗೆ ಜುಲೈ ತಿಂಗಳ ತೀರ್ಥಹಳ್ಳಿ ನೆನಪಾಯಿತು. ವಾರಗಟ್ಟಲೆ ಹಿಡಿದ ಮಳೆ, ಹಗಲಲ್ಲೇ ಹಾಕಿದ ದೀಪ, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಹಾಕಿದ, ಹೊಗೆ ವಾಸನೆಯ ಬಟ್ಟೆಗಳು. ಆ ಹಗ್ಗದಲ್ಲಿ ಅರಿಶಿಣ ಬಣ್ಣದ ಲಂಗವೊಂದು ತೂಗುತ್ತಿದ್ದರೆ ಬಚ್ಚಲಿಗೇ ಬೆಳಕು ಬಂದಂತಿರುತ್ತಿತ್ತು. ಹಳದಿ ಬಟ್ಟೆಯ ಮೇಲೆ ಬಿದ್ದ ಬೆಳಕು ಒಂದಿಷ್ಟು ಹಳದಿಯಾಗಿಯೇ ತಿರುಗಿ ಹೊಮ್ಮುತ್ತದೆ, ಹತ್ತಿರದ ಗೋಡೆಗೂ ತೊಟ್ಟವರ ಗಲ್ಲಕ್ಕೂ ತಾಕುತ್ತದೆ. ಮುಖಕ್ಕೆ ಕಳೆ ಬಂತು ಎನ್ನುವುದರಲ್ಲಿ ಈ ಬೆಳಕಿನ ಪಾಲೂ ಇದೆ.

ತೊಟ್ಟ ಬಟ್ಟೆ ನಮ್ಮ ಯೋಚನೆಯನ್ನು ಬದಲಿಸುತ್ತದೆ ಎಂದು ಹೇಳಿದ 2012ರ ಅಮೆರಿಕದ ಪ್ರಯೋಗವೊಂದೂ ತುಂಬ ಹೆಸರು ಮಾಡಿತು. ವೈದ್ಯರ ಬಿಳಿ ಕೋಟು ಎಂದು ಹೇಳಿ ತೊಡಿಸಿದಾಗ ಜನರ ಗಮನ ಹೆಚ್ಚಿತು ಎಂಬುದು ಅದರ ಫಲಿತಾಂಶ. 2019ರಲ್ಲಿ ಬೇರೆಯವರು ಹೆಚ್ಚು ಜನರನ್ನು ಸೇರಿಸಿ ಅದರಲ್ಲೊಂದು ಭಾಗವನ್ನು ಮತ್ತೆ ಮಾಡಿ ನೋಡಿದರು, ಅದೇ ಫಲ ಸಿಗಲಿಲ್ಲ. ಹಾಗಾಗಿ ಕೆಂಪು ಉಟ್ಟರೆ ಧೈರ್ಯ, ನೀಲಿ ತೊಟ್ಟರೆ ಶಾಂತಿ ಎಂದು ಔಷಧದ ಚೀಟಿ ಬರೆದಂತೆ ಹೇಳುವವರನ್ನು ನಾನು ನಂಬುವುದಿಲ್ಲ.

ನಂಬದಿರಲು ಇನ್ನೊಂದು ಕಾರಣ ನಮ್ಮ ಮನೆಗಳಲ್ಲೇ ಇತ್ತು. ಮದುಮಗಳ ಸೀರೆಯ ಬಣ್ಣ ಕೆಂಪು. ಬ್ರಾಹ್ಮಣರ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿಗೆ ತಲೆ ಬೋಳಿಸಿ ಉಡಿಸುತ್ತಿದ್ದ ಮಡಿ ಸೀರೆಯೂ ಕೆಂಪೇ. ಎಂ.ಕೆ. ಇಂದಿರಾ ಅವರ 1976ರ ‘ಫಣಿಯಮ್ಮ’ ಕಾದಂಬರಿ ಓದಿದವರಿಗೆ ಬಾಲವಿಧವೆಯೊಬ್ಬಳು ಹೀಗೆ ಬದುಕು ಸವೆಸಿದ ಬಗೆ ಗೊತ್ತು. ಅದೇ ಕೆಂಪು ಒಂದು ಕಡೆ ಸಂಭ್ರಮ, ಇನ್ನೊಂದು ಕಡೆ ಶಿಕ್ಷೆ. ಬಣ್ಣಕ್ಕೆ ತನ್ನದೇ ಆದ ಸುಖವಿದ್ದಿದ್ದರೆ ಆ ಅಜ್ಜಿಯರಿಗೆ ಅದರಲ್ಲಿ ಒಂದು ಚೂರಾದರೂ ಸಿಗಬೇಕಿತ್ತು. ಸಿಗಲಿಲ್ಲ, ಏಕೆಂದರೆ ಅದನ್ನು ಅವರು ಆರಿಸಿಕೊಂಡಿರಲಿಲ್ಲ. ಬಣ್ಣದ ಬಟ್ಟೆ ಮನಸ್ಸನ್ನು ಎತ್ತುವುದಾದರೆ ಅದರ ಬಲವೆಲ್ಲ ಇರುವುದು ‘ಇವತ್ತು ನನಗೆ ಇದು ಬೇಕು’ ಎಂದು ಕೈ ಚಾಚುವ ಆ ಗಳಿಗೆಯಲ್ಲಿ. ಬೇಸರದಲ್ಲಿರುವವರಿಗೆ ಏನೂ ಬೇಡವಾಗಿರುತ್ತದೆ. ಒಂದು ಬೇಕು ಹುಟ್ಟಿತೆಂದರೆ ಮನಸ್ಸು ಅಷ್ಟರಮಟ್ಟಿಗೆ ಎದ್ದು ಕೂತಿತೆಂದೇ ಅರ್ಥ.

ಈ ಬೇಕನ್ನು ನಾವು ಬೇರೆಯವರಿಂದ ಎಷ್ಟು ಸಲೀಸಾಗಿ ಕಿತ್ತುಕೊಳ್ಳುತ್ತೇವೆ ಎನ್ನುವುದು ಸೀರೆ ಅಂಗಡಿಯಲ್ಲಿ ಕೂತರೆ ತಿಳಿಯುತ್ತದೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅತ್ತೆ ಸೊಸೆ ಗಾದಿಯ ಮೇಲೆ ಕೂತಿದ್ದರು. “ಯಾರಿಗ್ರೀ ಅಕ್ಕಾರ?” ಎಂದ ಅಂಗಡಿಯ ಹುಡುಗ. “ನಮ್ಮ ಅತ್ತಿಯವರಿಗ್ರಿ” ಎಂದಳು ಸೊಸೆ. ಅಷ್ಟಕ್ಕೇ ಅವನ ಕೈ ಕೆಳಗಿನ ಸಾಲಿಗೆ ಹೋಯಿತು. ಬಾದಾಮಿ, ಬೂದಿ, ಕಾಫಿಪುಡಿ ಬಣ್ಣದ ಸೀರೆಗಳು ಒಂದರ ಮೇಲೊಂದು ಬಿದ್ದವು. ಅತ್ತೆ ಅವನ್ನು ಮುಟ್ಟಲೂ ಇಲ್ಲ. “ವಯಸ್ಸು ನನಗ ಆಗೇತಿ ತಮ್ಮಾ, ಸೀರಿಗೆ ಯಾಕ ಆಗಬೇಕು? ಆ ಮ್ಯಾಲಿಂದು ಗಿಳಿಹಸರ ತಗಿ” ಎಂದರು. ಅವನು ತೆಗೆದ. “ಇಲ್ಲಿ ಲೈಟಿನ್ಯಾಗ ಬ್ಯಾಡ, ಬಾಗಲಕ್ಕ ಹಿಡಿ, ಬಿಸಲಿಗೆ ನೋಡ್ತೀನಿ” ಎಂದು ಎದ್ದು ಹೊಸ್ತಿಲವರೆಗೆ ನಡೆದರು. ಬಿಸಿಲಿಗೆ ಬಂದೊಡನೆ ಆ ಹಸಿರಿನೊಳಗಿನ ಹಳದಿ ಎದ್ದು ಬಂತು. ಅತ್ತೆ ಸೆರಗನ್ನು ತಮ್ಮ ಹೆಗಲಿಗಿಟ್ಟು, ಸೊಸೆಯ ಕಡೆ ತಿರುಗಿ, ಏನೂ ಹೇಳದೆ ನಕ್ಕರು.

ನಮ್ಮ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಗಂಡ ತೀರಿಕೊಂಡ ಮೇಲೆ ಯಾರೂ ಹೇಳದಿದ್ದರೂ ತಾವಾಗಿಯೇ ತಿಳಿ ಬಣ್ಣಗಳಿಗೆ ಸರಿದಿದ್ದರು. ಮಗಳು ತಂದುಕೊಟ್ಟ, ಸಾಸಿವೆ ಹೂವಿನ ಹಳದಿಗೆ ಹಸಿರಂಚಿದ್ದ ಸೀರೆ ಬಹಳ ಕಾಲ ಬೀರುವಿನಲ್ಲೇ ಇತ್ತು. ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ಬ್ಯಾಂಕಿಗೆ ಪ್ರಮಾಣಪತ್ರ ಕೊಡುವ ನವೆಂಬರ್ ತಿಂಗಳಲ್ಲಿ ಅದನ್ನು ಉಟ್ಟು ಹೊರಟರು. ಗೇಟಿನ ಬಳಿ ಸಿಕ್ಕಾಗ, “ಚೆನ್ನಾಗಿದೆ ಟೀಚರ್” ಎಂದೆ. “ಉಟ್ಟ ಮೇಲೆ ಬೆನ್ನು ನೆಟ್ಟಗಾಯಿತು ಕಣಮ್ಮ” ಎಂದರು. ದುಃಖ ಹೋಯಿತೆಂದು ಅವರು ಹೇಳಲಿಲ್ಲ. ಅಷ್ಟನ್ನು ಯಾವ ಸೀರೆಯಿಂದಲೂ ಕೇಳಬಾರದು.

ಗಂಡಸರ ಪಾಲಿನ ಬಣ್ಣವನ್ನು ಕಿತ್ತುಕೊಂಡದ್ದು ಪೇಟೆಯ ಕಚೇರಿಗಳು. ವಿಜಯಪುರ, ಕಲಬುರಗಿ ಕಡೆಯ ಹಿರಿಯ ರೈತರು ಬಿಳಿ ಅಂಗಿ ಧೋತರದ ಮೇಲೆ ಗುಲಾಬಿ, ಕೇಸರಿ ರುಮಾಲು ಸುತ್ತಿ ಸಂತೆಗೆ ಬರುವ ಗತ್ತು ನೋಡಿದವರಿಗೆ ಬಣ್ಣ ಹೆಂಗಸರದ್ದು ಎಂಬ ಮಾತು ಹುಸಿ ಎಂದು ಗೊತ್ತು. ಅವರ ಮೊಮ್ಮಕ್ಕಳ ಬೀರುವಿನಲ್ಲಿ ಈಗ ಕಪ್ಪು, ಕಡುನೀಲಿ, ಬೂದಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಆ ಹುಡುಗರ ಮನಸ್ಸಿಗೂ ಮಂಕು ಕವಿಯುವ ದಿನಗಳಿವೆ. ಅವರಿಗೂ ಒಂದು ಮಾವಿನ ಹಣ್ಣಿನ ಬಣ್ಣದ ಅಂಗಿ ಇರಲಿ.

ಆರಿಸುವ ಬಗೆಯ ಬಗ್ಗೆ ನಾನು ಕಂಡುಕೊಂಡ ಒಂದೆರಡು ಮಾತು ಹೇಳುತ್ತೇನೆ. ಬಣ್ಣ ಮುಖದ ಹತ್ತಿರ ಇರಬೇಕು: ದುಪಟ್ಟಾ, ಕುಪ್ಪಸ, ಕಾಲರು. ಒಮ್ಮೆಲೇ ಮೈತುಂಬ ಉಡಲು ಸಂಕೋಚವಿದ್ದವರಿಗೆ ಗುಳೇದಗುಡ್ಡದ ಖಣವಿದೆ. ಸಪ್ಪೆ ಮೊಸರನ್ನದ ಬದಿಗೆ ಬಡಿಸಿದ ಉಪ್ಪಿನಕಾಯಿಯ ಹಾಗೆ ಸಾದಾ ಸೀರೆಗೆ ಒಂದು ಖಣದ ಕುಪ್ಪಸ ಸಾಕು. ಮನೆಯಲ್ಲಿ ತೊಡುವುದನ್ನೂ ಮರೆಯಬೇಡಿ. ಯಾರೂ ನೋಡುವುದಿಲ್ಲವೆಂದು ಅತಿ ಹಳೆಯದನ್ನು ಮನೆಗೆ ಇಟ್ಟುಕೊಳ್ಳುತ್ತೇವೆ, ಆದರೆ ದಿನದ ಹೆಚ್ಚು ಹೊತ್ತು ಕಳೆಯುವುದು ಅದರಲ್ಲೇ. ಎಲ್ಲಕ್ಕಿಂತ ಮುಖ್ಯ, ನಾಳೆ ಕಷ್ಟದ ದಿನವೆಂದು ಗೊತ್ತಿದ್ದರೆ ಬಟ್ಟೆಯನ್ನು ಇವತ್ತು ರಾತ್ರಿಯೇ ತೆಗೆದು ಕುರ್ಚಿಯ ಮೇಲೆ ಇಡಿ. ಬೆಳಿಗ್ಗೆ ಮಂಕು ಬಡಿದ ಕೈಗೆ ಆರಿಸುವ ಶಕ್ತಿ ಇರುವುದಿಲ್ಲ. ಹಿಂದಿನ ರಾತ್ರಿಯ ನೀವು ಬೆಳಗಿನ ನಿಮಗೆ ಮಾಡುವ ಉಪಕಾರ ಅದು.

ಕುರ್ಚಿಯ ಮೇಲಿಟ್ಟ ಬಟ್ಟೆಯನ್ನು ಮುಟ್ಟಲೂ ಆಗದಷ್ಟು, ವಾರಗಟ್ಟಲೆ ಎದ್ದೇಳಲೂ ಮನಸ್ಸಿಲ್ಲದಷ್ಟು ಕತ್ತಲೆ ಕವಿದರೆ ಅದು ಬಣ್ಣದ ಕೈಗೆ ಸಿಗುವ ಬೇಸರವಲ್ಲ, ಖಿನ್ನತೆ ಇರಬಹುದು. ಅದಕ್ಕೆ ವೈದ್ಯರು ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಉಳಿದ ಸಾಮಾನ್ಯ ಬೇಸರಗಳಿಗೆ ನಮ್ಮ ಬೀರುವಿನಲ್ಲೇ ಒಂದಿಷ್ಟು ಆಸರೆ ಇದೆ. ಅದನ್ನು ಎಲ್ಲರಿಗೂ ತೆರೆಯಬೇಕು ಎನ್ನುವುದೇ ನನ್ನ ಕೋರಿಕೆ. ಈ ಸಲ ಹಬ್ಬಕ್ಕೆ ಅಮ್ಮನಿಗೋ ಅಜ್ಜಿಗೋ ಒಂಟಿಯಾಗಿರುವ ಅತ್ತೆಗೋ ಸೀರೆ ತರುವುದಿದ್ದರೆ, ಅವರ ವಯಸ್ಸಿಗೆ ಇದು ಒಪ್ಪುತ್ತದೆ ಎಂದು ನೀವೇ ತೀರ್ಮಾನಿಸಿ ತರಬೇಡಿ. ಅಂಗಡಿಗೆ ಕರೆದುಕೊಂಡು ಹೋಗಿ ಎಲ್ಲ ಸಾಲುಗಳನ್ನೂ ಬಿಚ್ಚಿಸಿ. ‘ನಿಮಗೆ ಯಾವ ಬಣ್ಣ ಬೇಕು?’ ಎಂದು ಕೇಳಿ, ಉತ್ತರ ಬರುವವರೆಗೂ ಕಾಯಿರಿ. ಎಷ್ಟೋ ವರ್ಷಗಳಿಂದ ಯಾರೂ ಅವರನ್ನು ಹಾಗೆ ಕೇಳಿರಲಾರರು.