ಮುಳ್ಳು ಹೇಳುವ ಸುಳ್ಳು

ಚನ್ನಗಿರಿಯಲ್ಲಿ ಅಡಿಕೆ ಮೂಟೆ ಹೇರಿ ಹೊರಟ ಹಳೆಯ ಪಿಕಪ್ ಗಾಡಿಯ ಡೀಸೆಲ್ ಮುಳ್ಳು ಅರ್ಧಕ್ಕೆ ನಿಂತಿದೆ. ಹೊನ್ನಾಳಿಯ ತುಂಗಭದ್ರಾ ಸೇತುವೆ ದಾಟಿ ನ್ಯಾಮತಿ ತಲುಪಿದರೂ ಮುಳ್ಳು ಅಲ್ಲೇ! ಚಾಲಕ ಹಿಗ್ಗುವಂತಿಲ್ಲ.

ಟ್ಯಾಂಕಿನೊಳಗಿನ ತೇಲುಗುಂಡು ಡೀಸೆಲ್ ಇಳಿದಂತೆಲ್ಲ ಇಳಿಯುತ್ತದೆ. ಅದಕ್ಕಂಟಿದ ಕಡ್ಡಿ ಸರಿದು ವಿದ್ಯುತ್ ರೋಧವನ್ನು ಬದಲಿಸುತ್ತದೆ. ಮುಳ್ಳು ತೋರಿಸುವುದು ಅದನ್ನೇ. ಅಳೆಯುವುದು ಲೀಟರನ್ನಲ್ಲ, ಮಟ್ಟವನ್ನು. ಏರಿನಲ್ಲಿ ಡೀಸೆಲ್ ಒಂದೆಡೆ ವಾಲಿದರೆ ಲೆಕ್ಕವೂ ವಾಲುತ್ತದೆ. ಕಡ್ಡಿ ಸಿಕ್ಕಿಕೊಂಡರಂತೂ ಮುಳ್ಳು ಕದಲುವುದೇ ಇಲ್ಲ.

ಇದೇ ದಾವಣಗೆರೆ ಜಿಲ್ಲೆಯ ಇನ್ನೊಂದು ತುದಿ, ಜಗಳೂರಿನ ಬಯಲಿನಲ್ಲಿ ಡೀಸೆಲ್ ಮುಗಿದರೆ ಕ್ಯಾನು ಹಿಡಿದು ನಡೆದರಷ್ಟೇ ಸಾಲದು; ಕೊಳವೆಗೆ ಹೊಕ್ಕ ಗಾಳಿಯನ್ನೂ ಕೈಪಂಪು ಒತ್ತಿ ಹೊರಹಾಕಬೇಕು. ಅದಕ್ಕೇ ಪಳಗಿದ ಚಾಲಕರು ಟ್ಯಾಂಕು ತುಂಬಿಸಿದಾಗಲೇ ಕಿಲೋಮೀಟರ್ ಬರೆದಿಡುತ್ತಾರೆ. ಲೀಟರಿಗೆ 12 ಕಿ.ಮೀ. ಕೊಡುವ ಗಾಡಿ 240 ಕಿ.ಮೀ. ಓಡಿದ್ದರೆ, ಮುಳ್ಳು ಏನೇ ಹೇಳಲಿ, 20 ಲೀಟರ್ ಖಾಲಿ.