ಮೇರಿಯನ್ನಳ ಕುಲ

ಇಂಗ್ಲೆಂಡಿನ ಷೆರ್ವುಡ್ ಕಾಡಿನ ದರೋಡೆಕಾರನಾದ ರಾಬಿನ್ ಹುಡ್‌ನಿಗೆ ಪ್ರಭುಕುಮಾರಿಯಾದ ಮೇರಿಯನ್ ಎಂಬಾಕೆಯು ಒಲಿದು, ಮನೆಯ ಸುಖವನ್ನು ತೊರೆದು ಅರಣ್ಯವಾಸವನ್ನು ಕೈಕೊಂಡಳೆಂಬ ಕಥೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ನಾವು ಉಪಾಧ್ಯಾಯರಾಗಿದ್ದಾಗ ಶನಿವಾರದ ದಿನ ಇದನ್ನು ಮಕ್ಕಳಿಗೆ ಹೇಳುತ್ತಿದ್ದುದುಂಟು. ಒಮ್ಮೆ ಕುರಿ ಕಾಯುವವರ ಮನೆಯ ಹುಡುಗನೊಬ್ಬನು ಎದ್ದು ನಿಂತು, “ಮೇಷ್ಟ್ರೇ, ದೊಡ್ಡ ಮನೆಯ ಹೆಣ್ಣು ಕಳ್ಳನನ್ನು ಹೇಗೆ ಒಪ್ಪಿದಳು?” ಎಂದು ಕೇಳಿದನು.

“ಅವನು ನಿಜವಾಗಿ ಹಂಟಿಂಗ್ಟನ್ನಿನ ಪ್ರಭುವಪ್ಪಾ. ಅನ್ಯಾಯದಿಂದ ಆಸ್ತಿ ಕಳೆದುಕೊಂಡು ಕಾಡು ಸೇರಿದವನು” ಎಂದೆವು.

“ಹಾಗಾದರೆ ಸರಿ” ಎಂದು ಹುಡುಗನು ಕುಳಿತುಬಿಟ್ಟನು. ಉತ್ತರವು ಚೆನ್ನಾಯಿತೆಂದು ನಾವೂ ಸಂತೋಷಪಟ್ಟೆವು.

ನಿವೃತ್ತರಾದ ಮೇಲೆ, ವಿರಾಮವಿದ್ದುದರಿಂದ, ಈ ಕಥೆಯ ಮೂಲವನ್ನು ಶೋಧಿಸತೊಡಗಿದೆವು. ಸುಮಾರು 1500ರಲ್ಲಿ ಅಚ್ಚಾದ ಹಳೆಯ ಲಾವಣಿಯಲ್ಲಿ ರಾಬಿನ್ನನು ಪ್ರಭುವಲ್ಲ. ಸಾಮಾನ್ಯ ಕುಲದ ಸ್ವತಂತ್ರ ಪ್ರಜೆ. ಅಲ್ಲಿ ಮೇರಿಯನ್ನಳ ಸುಳಿವೇ ಇಲ್ಲ! ಆಕೆಯು ಬಂದು ಸೇರಿದುದು ಹದಿನಾರನೆಯ ಶತಮಾನದ ಮೇ ತಿಂಗಳ ಹಬ್ಬದ ಕುಣಿತಗಳಲ್ಲಿ. ಅದಕ್ಕೂ ಮೊದಲು, ಹದಿಮೂರನೆಯ ಶತಮಾನದಲ್ಲಿ, ಆದಾಂ ದ ಲಾ ಆಲ್ ಎಂಬ ಫ್ರೆಂಚ್ ಕವಿಯು ರಚಿಸಿದ ರೂಪಕವೊಂದರಲ್ಲಿ ಮಾರಿಯೋನ್ ಎಂಬ ಕುರಿ ಕಾಯುವ ಹುಡುಗಿಯಿದ್ದಾಳೆ. ಆಕೆಯ ಪ್ರಿಯನ ಹೆಸರೂ ರಾಬಿನ್ನೇ. ಅವನು ಕಳ್ಳನಲ್ಲ, ಹಳ್ಳಿಯ ಹುಡುಗ. ಕುದುರೆಯೇರಿ ಬಂದ ಸರದಾರನೊಬ್ಬನು ಎಷ್ಟು ಬೇಡಿದರೂ ಆಕೆಯು ಜಗ್ಗುವುದಿಲ್ಲ. ಇಂಥವಳನ್ನು ಪ್ರಭುಕುಮಾರಿಯನ್ನಾಗಿ ಮಾಡಿ, ರಾಬಿನ್ ಹುಡ್‌ನಿಗೂ ಪ್ರಭುಪದವಿಯನ್ನು ದಯಪಾಲಿಸಿದವನು 1598ರ ಆಂಟನಿ ಮನ್‌ಡೇ ಎಂಬ ನಾಟಕಕಾರನು.

ಅವನೊಬ್ಬನನ್ನೇ ದೂರುವುದೇಕೆ? ನಮ್ಮ ಧನಂಜಯನೂ ದಶರೂಪಕದಲ್ಲಿ ನಾಯಕನ ಗುಣಗಳನ್ನು ಎಣಿಸುವಾಗ ‘ರೂಢವಂಶ’ನೆಂಬುದನ್ನು ಮರೆತಿಲ್ಲ. ನಾವು ಅದನ್ನು ಚಿಕ್ಕಂದಿನಲ್ಲೇ ಕಂಠಪಾಠ ಮಾಡಿದವರು. ಆದಕಾರಣ ಆ ತೇಪೆಯು ನಮ್ಮ ಕಣ್ಣಿಗೆ ತೇಪೆಯಾಗಿ ಕಾಣಲೇ ಇಲ್ಲ. ಒಂದು ತರಗತಿಯ ಮಕ್ಕಳೆದುರಿಗೆ, ಅದರಲ್ಲಿಯೂ ಆ ಹುಡುಗನೆದುರಿಗೆ, ಅದನ್ನೇ ನ್ಯಾಯವೆಂಬಂತೆ ಹೇಳಿದೆವಲ್ಲಾ ಎಂಬುದು ಬಹುದಿನ ಮನಸ್ಸನ್ನು ಕೊರೆಯಿತು.

ಕಳೆದ ತಿಂಗಳು ಸಂತೆಯಲ್ಲಿ ಅವನೇ ಸಿಕ್ಕಿ ನಮಸ್ಕರಿಸಿದನು. ಈಗ ಕಂಬಳಿ ವ್ಯಾಪಾರ; ತಲೆಯಲ್ಲಿ ನರೆ ಕಾಣಿಸಿಕೊಂಡಿದೆ. ನಮ್ಮ ತಪ್ಪನ್ನು ಹೇಳಿಕೊಳ್ಳಹೋದರೆ ಅವನಿಗೆ ಆ ಕಥೆಯೇ ನೆನಪಿರಲಿಲ್ಲ. ಅಲ್ಲಿಯೇ ಕುಳಿತು ಮೊದಲಿನಿಂದ ಎಲ್ಲವನ್ನೂ ಹೇಳಿದೆವು. ಕೈಯಲ್ಲಿದ್ದ ಕಂಬಳಿಯನ್ನು ಮಡಿಸುತ್ತ ಕೇಳಿದ ಅವನು ಕೊನೆಗೆ, “ಆ ಹುಡುಗಿಗೆ ಎಷ್ಟು ಕುರಿ ಇದ್ದುವು ಮೇಷ್ಟ್ರೇ?” ಎಂದನು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.